‘ಶಾಂತ’ ಸೂರ್ಯನ ಜಮಾಖರ್ಚು

1908ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಜಾರ್ಜ್ ಎಲರಿ ಹೇಲ್ ಒಂದು ಸೂರ್ಯಕಲೆಯ ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಿದರು. ಒಂಟಿ ಗೆರೆ ಇರಬೇಕಾದ ಕಡೆ ಗೆರೆ ಸೀಳಿತ್ತು. ಕಾಂತಕ್ಷೇತ್ರ ಬೆಳಕಿನ ಗೆರೆಗಳನ್ನು ಹೀಗೆ ಒಡೆಯುತ್ತದೆ ಎಂಬುದನ್ನು ಹಾಲೆಂಡಿನ ಪೀಟರ್ ಝೀಮನ್ 1896ರಲ್ಲೇ ಪ್ರಯೋಗಶಾಲೆಯಲ್ಲಿ ಕಂಡಿದ್ದರು. ಕಲೆಗಳಲ್ಲಿ ಸುಮಾರು 3,000 ಗಾಸ್‌ಗಳಷ್ಟು ಕಾಂತಬಲವಿದೆ ಎಂದು ಹೇಲ್ ಲೆಕ್ಕಹಾಕಿದರು. ಭೂಮಿಯ ಮೇಲೆ ಅದು ಅರ್ಧ ಗಾಸ್‌ನ ಆಸುಪಾಸು.

ಹಾಗಾದರೆ ಕಲೆಯಿಲ್ಲದ ಕಡೆ? ಅಲ್ಲಿ ಗೆರೆ ಒಡೆದದ್ದು ಕಾಣುತ್ತಿರಲಿಲ್ಲ. ಆ ಭಾಗಕ್ಕೆ ‘ಶಾಂತ ಸೂರ್ಯ’ ಎಂಬ ಹೆಸರು ನಿಂತುಹೋಯಿತು. ಆ ಹೆಸರು ಸೂರ್ಯನ ಗುಣವನ್ನು ಹೇಳುತ್ತಿತ್ತೋ, ನೋಡುವ ಉಪಕರಣದ ಮಿತಿಯನ್ನೋ ಎಂಬುದನ್ನು ತಿಳಿಯಲು ಮುಂದಿನ ನೂರು ವರ್ಷ ಬೇಕಾಯಿತು.

ಒಂದು ಸುಳಿವು ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. 1890ರ ದಶಕದಲ್ಲಿ ಹೇಲ್ ಮತ್ತು ಫ್ರಾನ್ಸಿನ ಹೆನ್ರಿ ದೆಲಾಂದ್ರ್, ಒಂದೇ ಬಣ್ಣದಲ್ಲಿ ಸೂರ್ಯನ ಚಿತ್ರ ತೆಗೆಯುವ ಉಪಕರಣವನ್ನು ಬೇರೆಬೇರೆಯಾಗಿ ರೂಪಿಸಿದ್ದರು. ಕ್ಯಾಲ್ಸಿಯಂನ ನೇರಳೆ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಕಲೆಯಿಲ್ಲದ ಜಾಗದಲ್ಲೂ ಮಂದ ಬೆಳಕಿನ ಬಲೆಯೊಂದು ಹಬ್ಬಿತ್ತು. ತಮಿಳುನಾಡಿನ ಕೊಡೈಕೆನಾಲ್ ವೀಕ್ಷಣಾಲಯದಲ್ಲೂ 20ನೇ ಶತಮಾನದ ಮೊದಲ ದಶಕದಿಂದ ಇಂಥ ಚಿತ್ರಗಳನ್ನು ಗಾಜಿನ ಫಲಕಗಳ ಮೇಲೆ ತೆಗೆಯುತ್ತ ಬಂದರು. ಬಲೆ ಏಕಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

1950ರ ದಶಕದ ಆರಂಭದಲ್ಲಿ ಹೆರಾಲ್ಡ್ ಮತ್ತು ಹೊರೇಸ್ ಬ್ಯಾಬ್ಕಾಕ್ ಎಂಬ ತಂದೆ-ಮಗ, ಒಂದೆರಡು ಗಾಸ್‌ನಷ್ಟು ದುರ್ಬಲ ಕ್ಷೇತ್ರವನ್ನೂ ಅಳೆಯುವ ಸೌರ ಕಾಂತಮಾಪಕವನ್ನು ಕಟ್ಟಿದರು. ಗೆರೆ ಒಡೆಯದಿದ್ದರೂ ಅದರ ಎರಡು ಅಂಚುಗಳ ಬೆಳಕಿನ ಧ್ರುವೀಕರಣದಲ್ಲಿ ವ್ಯತ್ಯಾಸ ಇರುತ್ತದೆ. ಉಪಕರಣ ಹಿಡಿದದ್ದು ಅದನ್ನು. 1959ರಲ್ಲಿ ರಾಬರ್ಟ್ ಲೈಟನ್, ಕ್ಯಾಲ್ಸಿಯಂ ಬೆಳಗುವ ಜಾಗಗಳೂ ಕಾಂತಕ್ಷೇತ್ರ ಇರುವ ಜಾಗಗಳೂ ಒಂದರ ಮೇಲೊಂದು ಕೂರುತ್ತವೆ ಎಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಅವರೂ ಸಂಗಡಿಗರೂ ಕಾರಣವನ್ನೂ ಹುಡುಕಿದರು. ಸೂರ್ಯನ ಮೇಲ್ಮೈಯಲ್ಲಿ ಸುಮಾರು 30,000 ಕಿಲೋಮೀಟರ್ ಅಗಲದ ಕುದಿಯ ಕೋಶಗಳಿವೆ. ಕಾಯುವ ಹಾಲಿನ ಕೆನೆ ಪಾತ್ರೆಯ ಅಂಚಿಗೆ ಸರಿಯುವಂತೆ, ಕೋಶದ ನಡುವಿನಿಂದ ಹೊರಕ್ಕೆ ಹರಿಯುವ ಅನಿಲ ಕಾಂತಕ್ಷೇತ್ರವನ್ನು ಅಂಚಿಗೆ ತಳ್ಳುತ್ತದೆ. ಬಲೆಯ ಎಳೆಗಳೆಂದರೆ ಆ ಅಂಚುಗಳೇ.

ಅಳತೆಯಲ್ಲಿ ಇನ್ನೊಂದು ತೊಡಕಿತ್ತು. ದೂರದರ್ಶಕ ಒಂದು ಚುಕ್ಕೆಯಾಗಿ ತೋರಿಸುವ ಜಾಗ ನಿಜಕ್ಕೂ ಸಾವಿರಾರು ಕಿಲೋಮೀಟರ್ ಅಗಲವಿರುತ್ತಿತ್ತು. ಸಿಗುತ್ತಿದ್ದದ್ದು ಅಷ್ಟರ ಸರಾಸರಿ. 1973ರಲ್ಲಿ ಸ್ವೀಡನ್ನಿನ ಯಾನ್ ಸ್ಟೆನ್‌ಫ್ಲೋ, ಕಬ್ಬಿಣದ ಎರಡು ರೋಹಿತರೇಖೆಗಳನ್ನು ಹೋಲಿಸಿ ಈ ತೊಡಕನ್ನು ಬಿಡಿಸಿದರು. ಕೆಲವೇ ಗಾಸ್ ಎಂದು ಕಾಣುತ್ತಿದ್ದ ಬಲೆಯಲ್ಲಿ ನಿಜಕ್ಕೂ ಇದ್ದದ್ದು ಸಾವಿರ ಗಾಸ್ ಮೀರಿದ, ಕಣ್ಣಿಗೆ ನಿಲುಕದಷ್ಟು ಸಣ್ಣ ಕಾಂತಕಂಬಗಳು. ಅದೇ ದಶಕದಲ್ಲಿ ಅಮೆರಿಕದ ಕಿಟ್ ಪೀಕ್‌ನಲ್ಲಿ ವಿಲಿಯಂ ಲಿವಿಂಗ್‌ಸ್ಟನ್ ಮತ್ತು ಜಾಕ್ ಹಾರ್ವಿ, ಬಲೆಯ ಕಣ್ಣುಗಳೊಳಗೂ ಸಣ್ಣ ಕ್ಷೇತ್ರಗಳು ಓಡಾಡುವುದನ್ನು ಕಂಡರು. ಖಾಲಿ ಎಂದುಕೊಂಡಿದ್ದ ಕೊನೆಯ ಜಾಗವೂ ಖಾಲಿಯಾಗಿರಲಿಲ್ಲ.

ಇನ್ನೂ ಸಣ್ಣದಕ್ಕೆ ಇಳಿದರೆ ಸರಾಸರಿಯೇ ದಾರಿ ತಪ್ಪಿಸುತ್ತದೆ. ಅಕ್ಕಪಕ್ಕದಲ್ಲಿ ಉತ್ತರ, ದಕ್ಷಿಣ ಧ್ರುವಗಳಿದ್ದರೆ ಝೀಮನ್ ಸಂಕೇತಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸಾವಿರ ಜಮಾ, ಸಾವಿರ ಖರ್ಚು, ಉಳಿಕೆ ಸೊನ್ನೆ. ಉಳಿಕೆಯನ್ನಷ್ಟೇ ನೋಡಿದವರಿಗೆ ಅಂಗಡಿ ಬಾಗಿಲು ತೆರೆದದ್ದೇ ತಿಳಿಯುವುದಿಲ್ಲ. 1920ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಹಾನ್ಲೆ ವಿವರಿಸಿದ ಇನ್ನೊಂದು ಪರಿಣಾಮ ಇಲ್ಲಿ ನೆರವಿಗೆ ಬಂತು. ಚದುರಿದ ಬೆಳಕಿನ ಧ್ರುವೀಕರಣವನ್ನು ಕಾಂತಕ್ಷೇತ್ರ ತಗ್ಗಿಸುತ್ತದೆ. ದಿಕ್ಕು ಅತ್ತಿತ್ತ ಕಲಸಿಹೋಗಿದ್ದರೂ ಆ ತಗ್ಗು ಅಳಿಯುವುದಿಲ್ಲ. ಈ ವಿಷಯದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕೆಲಸ ದೊಡ್ಡದು. ಸೌರ ಧ್ರುವೀಕರಣ ಕುರಿತ ಅಂತರರಾಷ್ಟ್ರೀಯ ಕಾರ್ಯಾಗಾರವೊಂದು 1998ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ನಡೆಯಿತು.

2006ರಲ್ಲಿ ಜಪಾನ್ ಹಾರಿಸಿದ ಹಿನೋಡೆ ಉಪಗ್ರಹದ 50 ಸೆಂಟಿಮೀಟರ್ ದೂರದರ್ಶಕ, ಸುಮಾರು 200 ಕಿಲೋಮೀಟರ್‌ನಷ್ಟು ಸಣ್ಣ ವಿವರವನ್ನೂ ತೋರಿಸಿತು. ಶಾಂತ ಭಾಗದ ತುಂಬ ಮೇಲ್ಮೈಗೆ ಅಡ್ಡಲಾಗಿ ಮಲಗಿದ ಕ್ಷೇತ್ರಗಳು ಕಂಡವು. ಕೆಲವು ನಿಮಿಷ ಬಾಳಿ ಮರೆಯಾಗುವ ಇವುಗಳನ್ನು ಒಟ್ಟುಮಾಡಿದರೆ ಸೂರ್ಯಕಲೆಗಳ ಲೆಕ್ಕವನ್ನೂ ಮೀರಬಹುದು ಎಂಬ ಅಂದಾಜಿದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇರುವಾಗ ಹೊರಗಿನ ಕರೋನ ಹತ್ತು ಲಕ್ಷ ಡಿಗ್ರಿ ದಾಟುವುದು ಹೇಗೆ ಎಂಬ ಹಳೆಯ ವಾದದಲ್ಲಿ ಈ ಸಣ್ಣ ಕ್ಷೇತ್ರಗಳಿಗೂ ಈಗ ಪಾಲಿದೆ.

ಲೈಟನ್ ತೋರಿಸಿದ ನಂಟಿನಿಂದ ಕೊಡೈಕೆನಾಲಿನ ಹಳೆಯ ಫಲಕಗಳಿಗೂ ಹೊಸ ಬೆಲೆ ಬಂತು. ಕಾಂತಮಾಪಕ ಹುಟ್ಟುವ ಮೊದಲಿನ ದಶಕಗಳ ಕಾಂತಕ್ಷೇತ್ರವನ್ನು ನೇರವಾಗಿ ಅಳೆದವರಿಲ್ಲ. ಆದರೆ ಕ್ಯಾಲ್ಸಿಯಂ ಬಲೆಯಲ್ಲಿ ಅದರ ಗುರುತು ಉಳಿದಿದೆ. ಫಲಕಗಳನ್ನು ಡಿಜಿಟಲ್ ರೂಪಕ್ಕೆ ತಂದು ಈಗ ಆ ಗುರುತನ್ನು ಓದುತ್ತಿದ್ದಾರೆ. 2023ರಲ್ಲಿ ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿರುವ, ಪುಣೆಯ ಐಯುಕಾ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ ದೂರದರ್ಶಕವೂ ಕ್ಯಾಲ್ಸಿಯಂ ಬೆಳಕಿನಲ್ಲಿ ಸೂರ್ಯನನ್ನು ನೋಡುತ್ತದೆ. ಕೊಡೈಕೆನಾಲಿನಲ್ಲಿ ಬೆಳಗ್ಗೆ ಮೋಡ ಸರಿಯುವುದನ್ನು ಕಾದು ಫಲಕ ತೊಳೆದವರಿಗೆ ತಾವು ಕಾಂತಕ್ಷೇತ್ರದ ದಾಖಲೆ ಬರೆಯುತ್ತಿದ್ದೇವೆಂಬ ಅರಿವಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ಕಲೆಯಿಲ್ಲದ ದಿನವೂ ಚಿತ್ರ ತೆಗೆದರು.