ಮಗುಚಿಟ್ಟ ಹರಿಗೋಲು

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಉದ್ದವಾದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನವಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನೂ ಗೋಡೆಯಲ್ಲಿ ಚಿತ್ರವಾಗಿ ಕೊರೆದಿದ್ದಾರೆ. ಬಂಡಿಗೆ ಸಿಕ್ಕ ಈ ಗೌರವ ಹರಿಗೋಲಿಗೆ ಸಿಗಲಿಲ್ಲ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಈ ದೋಆಬಿನಲ್ಲಿ ಕೋಟೆಯಷ್ಟೇ ಮುಖ್ಯವಾಗಿದ್ದುದು ಹೊಳೆ ದಾಟುವ ಸಾಧನ. ಹಾಗಿದ್ದೂ ಚರಿತ್ರೆಯಲ್ಲಿ ಅದರ ಗುರುತು ಯಾಕೆ ಇಷ್ಟು ಕಡಿಮೆ? ದೋಣಿಯನ್ನು ಇಲ್ಲಿ ಎಲ್ಲಿ, ಹೇಗೆ ಇಡುತ್ತಿದ್ದರು ಎಂಬುದರಲ್ಲೇ ಇದಕ್ಕೆ ಉತ್ತರವಿದೆ ಎನಿಸುತ್ತದೆ.

ಕರಾವಳಿಯಲ್ಲಿ ದೋಣಿ ನಿಲ್ಲಿಸಲು ಎರಡು ದಾರಿ. ಒಂದು, ಧಕ್ಕೆಗೆ ತಂದು ಕಟ್ಟುವುದು. ಇನ್ನೊಂದು, ದಡದಿಂದ ದೂರ ನೀರಿನಲ್ಲೇ ಲಂಗರು ಹಾಕಿ ಬಿಡುವುದು. ಲಂಗರು ಹಾಕಿದ ದೋಣಿ ಗಾಳಿ, ಸೆಳವು ಬಂದತ್ತ ತಿರುಗಿಕೊಂಡು ಉಳಿಯುತ್ತದೆ. ದೋಆಬಿನ ಹೊಳೆಗಳಲ್ಲಿ ಈ ಎರಡೂ ನಡೆಯುವುದು ಕಷ್ಟ. ಬೇಸಿಗೆಯಲ್ಲಿ ಬಂಡೆಗಳ ನಡುವಿನ ಮಡುವಿಗೆ ಇಳಿಯುವ ನೀರು ಮಳೆಗಾಲದಲ್ಲಿ ದಡ ಮೀರಿ ಹೊಲಕ್ಕೆ ನುಗ್ಗುತ್ತದೆ. ಕಟ್ಟಿದ ಧಕ್ಕೆ ಒಮ್ಮೆ ಒಣಗಿ ನಿಲ್ಲುತ್ತದೆ, ಒಮ್ಮೆ ಮುಳುಗುತ್ತದೆ. ನೀರಿನಲ್ಲೇ ಬಿಟ್ಟ ದೋಣಿ ಬಂಡೆಗೆ ಬಡಿದು ಒಡೆಯುತ್ತದೆ.

ಅಂಬಿಗರು ಕಂಡುಕೊಂಡದ್ದು ಮೂರನೆಯ ದಾರಿ. ಕೆಲಸ ಮುಗಿದ ಮೇಲೆ ಹರಿಗೋಲನ್ನು ನೀರಿನಿಂದ ಎತ್ತಿ, ದಡದ ಮೇಲೆ ಮಗುಚಿ ಇಡುವುದು. ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದ ಕಾಲದಲ್ಲಿ ಇದು ಅನಿವಾರ್ಯವೂ ಆಗಿತ್ತು. ನೀರಿನಲ್ಲೇ ನೆನೆದರೆ ಚರ್ಮ ಕೊಳೆಯುತ್ತದೆ, ಒಣಗಿದರೆ ಬಾಳುತ್ತದೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಮಗುಚಿಡುವುದು ತಪ್ಪಿಲ್ಲ. ದಾಟುವಾಗ ಸೆಳವು ಹರಿಗೋಲನ್ನು ಕೆಳಕ್ಕೆ ಒಯ್ಯುವುದರಿಂದ, ಮರಳುವ ಮುನ್ನ ಅದನ್ನು ದಡದುದ್ದಕ್ಕೂ ಮೇಲಕ್ಕೆ ಹೊತ್ತೊಯ್ಯಬೇಕು. ಹತ್ತುವ ಜಾಗ ಒಂದು, ಇಳಿಯುವ ಜಾಗ ಇನ್ನೊಂದು. ಮೆಟ್ಟಿಲು ಕಟ್ಟಿ ಶಾಸನ ಹಾಕಿಸಲು ಸ್ಥಿರವಾದ ನೆಲೆಯೇ ಇರಲಿಲ್ಲ.

ಹೀಗಾಗಿ ಹರಿಗೋಲಿನ ಚರಿತ್ರೆಯನ್ನು ಹೊರಗಿನವರ ಬರಹಗಳಲ್ಲೇ ಹುಡುಕಬೇಕಾಗುತ್ತದೆ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ದಾಟುವುದನ್ನು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. 15ರಿಂದ 20 ಜನ ಕೂರಬಹುದು. ಹುಟ್ಟು ಹಾಕಿದಂತೆಲ್ಲ ಸುತ್ತುತ್ತಲೇ ಸಾಗುತ್ತವೆ. ಅದೇ ತುಂಗಭದ್ರೆ ಮುಂದೆ ಮಾನ್ವಿ ಸೀಮೆಯ ಅಂಚಿನಲ್ಲಿ ಹರಿಯುತ್ತದೆ.

ಅದೇ 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು. ಸುಮಾರು ಒಂದು ಶತಮಾನದ ನಂತರ ಬರೆದ ಫೆರಿಷ್ತಾ ಹೇಳುವಂತೆ, ಸುಲ್ತಾನ ಕುಡಿದ ಅಮಲಿನಲ್ಲಿ ಕೃಷ್ಣೆ ದಾಟಲು ಅವಸರಪಟ್ಟ. ಆನೆಗಳ ಮೇಲೆ, ಸಿದ್ಧವಿದ್ದ ತೆಪ್ಪಗಳಲ್ಲಿ ಸೇನೆಯ ಒಂದು ಭಾಗ ಮಾತ್ರ ದಾಟಿತು. ನೂನಿಜ್ ಇದೇ ಯುದ್ಧವನ್ನು ಬೇರೆ ರೀತಿ ವಿವರಿಸುತ್ತಾನೆ. ಸೋತ ಸೈನ್ಯದ ಅನೇಕರು ಹಿಂದಿರುಗುವಾಗ ಹೊಳೆಯ ಪಾಲಾದರು ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಕೋಟೆ ಯಾರದೆಂದು ತೀರ್ಮಾನವಾಗುವಾಗ ದಡದಲ್ಲಿ ಎಷ್ಟು ತೆಪ್ಪಗಳಿದ್ದವು ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು.

ಕನ್ನಡ ಸಾಹಿತ್ಯ ಅಂಬಿಗನನ್ನು ಮರೆಯಲಿಲ್ಲ. 12ನೇ ಶತಮಾನದ ಚೌಡಯ್ಯ ತನ್ನ ಕಾಯಕವನ್ನೇ ಹೆಸರಾಗಿ ಧರಿಸಿದ. ಪುರಂದರದಾಸರ ಕೀರ್ತನೆಯಲ್ಲಿ ದೇಹವೇ ತೂತುಬಿದ್ದ ಹರಿಗೋಲು. ವಿಜಯದಾಸರ ಚೀಕಲಪರ್ವಿ ಇರುವುದೂ ಮಾನ್ವಿಯ ತುಂಗಭದ್ರೆಯ ದಡದಲ್ಲೇ. ಆ ರೂಪಕವನ್ನು ಈ ಸೀಮೆಯ ಕೇಳುಗರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಇದೆಲ್ಲ ಮುಗಿದ ಕಥೆಯೂ ಅಲ್ಲ. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ದೊಡ್ಡ ಪ್ರವಾಹ ಬಂದಾಗ ಮುಳುಗುತ್ತದೆ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಜನ ಸಂತೆ, ಆಸ್ಪತ್ರೆಗಳಿಗೆ ಹರಿಗೋಲನ್ನೇ ನಂಬಿ ಬದುಕಿದವರು. 2020ರ ಆಗಸ್ಟ್‌ನಲ್ಲಿ ಇಲ್ಲಿನ ಕೃಷ್ಣೆಯಲ್ಲಿ ಹರಿಗೋಲು ಮಗುಚಿತು. ಅದರಲ್ಲಿದ್ದ ಕೆಲವರು ಮನೆ ಸೇರಲಿಲ್ಲ. ಹಿಂದೆ ಅಂಬಿಗ ಮೋಡ ನೋಡಿ, ನೀರಿನ ಬಣ್ಣ ನೋಡಿ ಹರಿಗೋಲನ್ನು ಎಷ್ಟು ಮೇಲೆ ಎತ್ತಿಡಬೇಕೆಂದು ಅಂದಾಜಿಸುತ್ತಿದ್ದ. ಈಗ ನೆತ್ತಿಯ ಮೇಲೆ ಬಿಸಿಲಿರುವಾಗಲೇ ನಾರಾಯಣಪುರ ಜಲಾಶಯದ ಗೇಟು ತೆರೆದು ಹೊಳೆ ಏರಬಹುದು. ಮೋಡದಲ್ಲಿ ಓದುತ್ತಿದ್ದ ಸೂಚನೆಗೆ ಈಗ ಸರ್ಕಾರದ ಪ್ರಕಟಣೆಯನ್ನು ಕಾಯಬೇಕು.

ಕೋಟೆಯ ಕಲ್ಲು ಇಟ್ಟಲ್ಲೇ ಇರುವುದರಿಂದ ಅದನ್ನು ಓದುವುದು ನಮಗೆ ಸುಲಭ. ಹರಿಗೋಲನ್ನು ದಿನವೂ ಎತ್ತಿಡಬೇಕು, ಹಾಗಾಗಿ ಅದರ ಚರಿತ್ರೆ ಇರುವುದು ಎತ್ತಿಡುವವರ ಹೆಗಲಲ್ಲಿ, ಮಾತಿನಲ್ಲಿ. ಪೂರ್ಣ ಸೇತುವೆ ಬರಲಿ, ಬರಲೇಬೇಕು. ಅದಕ್ಕೂ ಮುನ್ನ ಆ ಮಾತುಗಳನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ನಮ್ಮಂಥ ಸಂಶೋಧಕರದು.