ಪೆಪ್ಪರ್‌ಮಿಂಟ್ ಡಬ್ಬಿಯ ಆಂಪ್

ಆಲ್ಟಾಯ್ಡ್ಸ್ ಇಂಗ್ಲೆಂಡ್ ಮೂಲದ ಪೆಪ್ಪರ್‌ಮಿಂಟ್. ಅದು ಬರುವ ತಗಡಿನ ಡಬ್ಬಿ ಅಂಗೈಯೊಳಗೆ ಕೂರುವಂಥದ್ದು, ಮುಚ್ಚಳಕ್ಕೆ ಕೀಲು ಬೇರೆ. ಅಮೆರಿಕದ ಹವ್ಯಾಸಿ ಎಲೆಕ್ಟ್ರಾನಿಕ್ಸ್ ಮಂದಿಗೆ ಒಂದು ಕಾಲದಲ್ಲಿ ಮಿಂಟ್‌ಗಿಂತ ಡಬ್ಬಿಯ ಮೇಲೇ ಹೆಚ್ಚು ಕಣ್ಣಿತ್ತು. ಒಂದು 9 ವೋಲ್ಟ್ ಬ್ಯಾಟರಿ ಅದರಲ್ಲಿ ಸಲೀಸಾಗಿ ಮಲಗುತ್ತದೆ, ಪಕ್ಕದಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್ ಹಿಡಿಸುತ್ತದೆ. ಬದಿಗೆ ಮೂರು ತೂತು ಕೊರೆದರೆ ಎರಡು ಜ್ಯಾಕ್, ಒಂದು ವಾಲ್ಯೂಮ್ ಗುಂಡಿ ಸಿದ್ಧ. ಹೊರಗಿನ ರೇಡಿಯೊ ಗದ್ದಲವನ್ನು ತಗಡೇ ತಡೆಯುತ್ತದೆ. ಬ್ಯಾಟರಿಯ ತಲೆ ತಗಡಿಗೆ ತಾಗಿ ಶಾರ್ಟ್ ಆಗದ ಹಾಗೆ ಒಳಗೊಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿದರೆ ಮುಗಿಯಿತು. ಕಡಿಮೆ ಖರ್ಚಿನ ಪೋರ್ಟಬಲ್ ಹೆಡ್‌ಫೋನ್ ಆಂಪ್ಲಿಫೈಯರ್ ಜನರ ಜೇಬಿಗೆ ಇಳಿದದ್ದು ಹೀಗೆ, ಅಂಗಡಿಯ ಕಪಾಟಿನಿಂದಲ್ಲ.

ಹಾಡು ನುಡಿಸುವ ಯಂತ್ರದಲ್ಲೇ ಆಂಪ್ ಇರುವಾಗ ಇನ್ನೊಂದು ಯಾಕೆ? 1979ರ ಜುಲೈಯಲ್ಲಿ ಬಂದ ಸೋನಿ ವಾಕ್‌ಮನ್ ಓಡುತ್ತಿದ್ದದ್ದು ಎರಡು ಪೆನ್‌ಟಾರ್ಚ್ ಸೆಲ್ಲಿನ ಮೇಲೆ, ಅಂದರೆ 3 ವೋಲ್ಟ್. ಅದರ ಜೊತೆ ಕೊಟ್ಟ ಹಗುರ ಹೆಡ್‌ಫೋನಿಗೆ ಅಷ್ಟು ಸಾಕಿತ್ತು. ಮನೆಯ ದೊಡ್ಡ ಸ್ಟೀರಿಯೊಗೆಂದು ಮಾಡಿದ ಹೆಡ್‌ಫೋನ್‌ಗಳ ಕಥೆ ಬೇರೆ. ಸೆನ್‌ಹೈಸರ್ ಕಂಪನಿಯ 1968ರ ಎಚ್‌ಡಿ 414ರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 2000 ಓಮ್, 1997ರ ಎಚ್‌ಡಿ 600ರದ್ದು 300 ಓಮ್. ತೋಟದ ಎತ್ತರದ ತುದಿಗೆ ನೀರು ಹತ್ತಬೇಕಾದರೆ ಮೋಟಾರಿಗೆ ಪ್ರೆಷರ್ ಬೇಕಲ್ಲ, ಹಾಗೆ ಇಂಥ ಹೆಡ್‌ಫೋನಿಗೆ ವೋಲ್ಟೇಜ್ ಬೇಕು. ಸಣ್ಣ ಬ್ಯಾಟರಿಯ ಪ್ಲೇಯರ್ ಅದನ್ನು ಕೊಡಲಾರದು.

ಈ ಕೊರತೆಯಲ್ಲೇ ವ್ಯಾಪಾರ ಕಂಡವರು ಟೈಲ್ ಹರ್ಟ್ಸೆನ್ಸ್. ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್ ಊರಿನ ಅವರ ಹೆಡ್‌ರೂಮ್ ಕಂಪನಿ 1992ರಲ್ಲಿ ಶುರುವಾಯಿತು. ಪ್ರಯಾಣದಲ್ಲೂ ಒಳ್ಳೆಯ ಹೆಡ್‌ಫೋನ್ ಕೇಳಬೇಕೆಂಬವರು ಅವರ ಗಿರಾಕಿಗಳು. ಎಡಗಿವಿಯ ಸದ್ದಿನಲ್ಲಿ ಚೂರು ಬಲಗಿವಿಗೂ ಬಲದ್ದರಲ್ಲಿ ಚೂರು ಎಡಕ್ಕೂ ಬೆರೆಸಿ, ಎದುರಿಗೆ ಸ್ಪೀಕರ್ ಇಟ್ಟು ಕೇಳಿದಂತೆ ಮಾಡುವ ಕ್ರಾಸ್‌ಫೀಡ್ ಸರ್ಕ್ಯೂಟ್ ಅವರ ಪೆಟ್ಟಿಗೆಗಳ ವಿಶೇಷ. ಆದರೆ ಅವು ಹಣವುಳ್ಳವರ ವಸ್ತು. ವಿದ್ಯಾರ್ಥಿಯ ಕೈಗೆ ಎಟುಕುವ ಮಾತಲ್ಲ.

1990ರ ದಶಕದ ಕೊನೆಯಲ್ಲಿ ಚೂ ಮೋಯ್ ಎಂಬವರು ತಮ್ಮ ಹೆಡ್‌ವೈಸ್ ಜಾಲತಾಣದಲ್ಲಿ ಜೇಬಿನ ಆಂಪ್ ಒಂದರ ಸರ್ಕ್ಯೂಟ್ ಚಿತ್ರವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಎಂಟು ಕಾಲಿನ ಒಂದೇ ಆಪ್-ಆಂಪ್ ಚಿಪ್ ಅದರ ಜೀವಾಳ. ಒಂದು ಚಿಪ್ಪಿನೊಳಗೆ ಎರಡು ಆಂಪ್: ಒಂದು ಎಡಕ್ಕೆ, ಒಂದು ಬಲಕ್ಕೆ. ಆಪ್-ಆಂಪಿಗೆ ಪ್ಲಸ್, ಮೈನಸ್, ನಡುವೆ ಸೊನ್ನೆ ಎಂದು ಮೂರು ಎಳೆ ಬೇಕು; 9 ವೋಲ್ಟ್ ಬ್ಯಾಟರಿಗೋ ಇರುವುದು ಎರಡೇ ತುದಿ. ಸಮ ಬೆಲೆಯ ಎರಡು ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ, ಅವು ಕೂಡುವ ಜಾಗವನ್ನೇ ಸೊನ್ನೆ ಅಂದುಕೊಳ್ಳುವುದು, ಅದು ಅಲುಗದಂತೆ ಎರಡು ಕೆಪಾಸಿಟರ್ ಕಟ್ಟುವುದು. ಜಾಣ ಬಡತನದ ಉಪಾಯ ಇದು. ಮುಂದೆ ಈ ಆಂಪಿನಲ್ಲಿ ಹೆಚ್ಚು ಬಳಕೆಗೆ ಬಂದ ಒಪಿಎ2134 ಚಿಪ್ ಎರಡೂ ಬದಿ ಸೇರಿ ಸುಮಾರು 8 ಮಿಲಿಆಂಪಿಯರ್ ಮಾತ್ರ ಎಳೆಯುತ್ತದೆ. ಹಾಗಾಗಿ ಒಂದು ಆಲ್ಕಲೈನ್ ಬ್ಯಾಟರಿ ಹತ್ತಾರು ಗಂಟೆ ಬಾಳುತ್ತಿತ್ತು. ಜನ ಈ ಆಂಪಿಗೆ ಅವರ ಹೆಸರನ್ನೇ ಇಟ್ಟರು: ಸಿಮೋಯ್.

ಆ ಚಿಪ್ ಮಾಡುತ್ತಿದ್ದ ಅರಿಜೋನಾದ ಬರ್-ಬ್ರೌನ್ ಕಂಪನಿಯನ್ನು 2000ದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡಿತು. 1985ರಲ್ಲೇ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸದ ಕೇಂದ್ರ ತೆರೆದ ಅದೇ ಕಂಪನಿ. ಇನ್ನು ರೆಸಿಸ್ಟರ್, ಕೆಪಾಸಿಟರ್, ಬ್ಯಾಟರಿ ಕ್ಲಿಪ್ ಎಲ್ಲ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸರಕು. ಆಲ್ಟಾಯ್ಡ್ಸ್ ಸಿಗದ ಊರಿನಲ್ಲಿ ಶಾಲೆಯ ಕಂಪಾಸ್ ಬಾಕ್ಸ್ ಏನೂ ಕಡಿಮೆಯಲ್ಲ.

ಸಿಮೋಯ್‌ಗೆ ಒಂದು ಊನವಿತ್ತು, ಅತಿ ಉತ್ಸಾಹ. ಮೂಲ ವಿನ್ಯಾಸ ಬಂದ ಸದ್ದಿನ ವೋಲ್ಟೇಜನ್ನು 11 ಪಟ್ಟು ಹಿಗ್ಗಿಸುತ್ತಿತ್ತು. ಸೂಕ್ಷ್ಮವಾದ ಇಯರ್‌ಫೋನ್ ಸಿಕ್ಕಿಸಿದರೆ ವಾಲ್ಯೂಮ್ ಗುಂಡಿಯನ್ನು ಚೂರು ತಿರುಗಿಸುವಷ್ಟರಲ್ಲಿ ಕಿವಿ ಗಡಚಿಕ್ಕುತ್ತಿತ್ತು, ಹಾಡಿಲ್ಲದಾಗ ಹಿಸ್ ಎಂಬ ಸದ್ದು ಬೇರೆ. ಕಟ್ಟುವವರು ಒಂದು ರೆಸಿಸ್ಟರ್ ಬದಲಿಸಿ ಈ ಪಟ್ಟನ್ನು ಇಳಿಸುವುದನ್ನು ಬೇಗ ಕಲಿತರು. ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಯಲ್ಲಿ ಈ ಸ್ವಾತಂತ್ರ್ಯ ಇರುವುದಿಲ್ಲ.

ಇದೇ ಹೊತ್ತಿಗೆ ಸರ್ಕಾರಗಳೂ ತಿಳಿಯದೆ ಆಂಪಿನ ವ್ಯಾಪಾರಕ್ಕೆ ಒತ್ತಾಸೆಯಾದವು. ಕಿವಿ ಕೆಡದಿರಲಿ ಎಂದು ಫ್ರಾನ್ಸ್ 1996ರಲ್ಲಿ ಪೋರ್ಟಬಲ್ ಪ್ಲೇಯರ್‌ಗಳಿಗೆ 100 ಡೆಸಿಬೆಲ್ ಮಿತಿ ಹಾಕಿತು. 2002ರಲ್ಲಿ ಆ್ಯಪಲ್ ಕಂಪನಿಯೇ ಅಲ್ಲಿ ಐಪಾಡ್ ಮಾರಾಟ ನಿಲ್ಲಿಸಿ, ಸಾಫ್ಟ್‌ವೇರಿನಲ್ಲಿ ಸದ್ದು ಇಳಿಸಬೇಕಾಯಿತು. ಯುರೋಪಿನ ಮಾನದಂಡ ಪ್ಲೇಯರ್‌ನ ಔಟ್‌ಪುಟ್ಟಿಗೆ 150 ಮಿಲಿವೋಲ್ಟ್ ಎಂಬ ಅಂಕಿಯನ್ನೂ ಬರೆದಿಟ್ಟಿತು. ಲೆಕ್ಕ ಹಾಕಿ ನೋಡಿ: ಎಚ್‌ಡಿ 600ಕ್ಕೆ ಪೂರ್ತಿ 1 ವೋಲ್ಟ್ ಕೊಟ್ಟರೆ 97 ಡೆಸಿಬೆಲ್. 150 ಮಿಲಿವೋಲ್ಟ್ ಕೊಟ್ಟರೆ 80ರ ಆಸುಪಾಸಿಗೇ ನಿಲುಗಡೆ. ನಿಯಮ ಸರಿಯಾದದ್ದೇ, ಆದರೆ ದೊಡ್ಡ ಹೆಡ್‌ಫೋನ್ ಕೊಂಡವನಿಗೆ ಅದು ಸಾಲದು.

ಕಾರ್ಖಾನೆಯ ಮಾಲು ತಗಡಿನ ಡಬ್ಬಿಯ ಬೆಲೆಗೆ ಇಳಿದದ್ದು ಚೀನಾದ ಗುವಾಂಗ್‌ಝೌನಿಂದ. 2007ರಲ್ಲಿ ಅಲ್ಲಿ ಹುಟ್ಟಿದ ಫಿಯೊ ಮೊದಲಿಗೆ ಒಂದೇ ಸಣ್ಣ ಸೆಲ್ಲಿನ ಮೇಲೆ ಓಡುವ ಇ3 ಮಾರಿತು. ಆಮೇಲೆ ಬಂದ ಇ5ಗೆ ಚಾರ್ಜ್ ಮಾಡುವ ಬ್ಯಾಟರಿ, ಅಂಗಿಗೆ ಸಿಕ್ಕಿಸುವ ಕ್ಲಿಪ್, ಬೆಲೆ 20 ಡಾಲರ್ ಆಸುಪಾಸು. ಸೋಲ್ಡರಿಂಗ್ ಬಾರದವರಿಗೆಲ್ಲ ಅದೇ ಮೊದಲ ಆಂಪ್ ಆಯಿತು. ಅದು ಭಾರಿ ಶಕ್ತಿಯದ್ದೇನೂ ಆಗಿರಲಿಲ್ಲ. ಅನೇಕರು ಅದನ್ನು ಸಿಕ್ಕಿಸಿದ್ದೂ ಆಂಪ್ ಬೇಕೇ ಇಲ್ಲದ ಇಯರ್‌ಫೋನಿಗೆ. ಜೋರಾದ ಸದ್ದನ್ನು ಕಿವಿ ಉತ್ತಮ ಸದ್ದು ಅಂದುಕೊಳ್ಳುವುದರಿಂದ ಯಾರೂ ದೂರಲಿಲ್ಲ.

ದೂರಿದವರು ಒಬ್ಬರಿದ್ದರು, ಅವರು ಯಾರೆಂಬುದೇ ಗುಟ್ಟು. ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಎಂಜಿನಿಯರ್ 2011ರಲ್ಲಿ ಒ2 ಎಂಬ ಆಂಪಿನ ಪೂರ್ತಿ ವಿನ್ಯಾಸವನ್ನು ಉಚಿತವಾಗಿ ಹೊರಬಿಟ್ಟರು. ದುಬಾರಿ ಪೆಟ್ಟಿಗೆಗಳನ್ನು ಕಿವಿಯಿಂದ ಹೊಗಳುವುದು ಬಿಟ್ಟು ಉಪಕರಣದಿಂದ ಅಳೆಯಿರಿ ಎಂಬುದು ಅವರ ಹಟ. ಆಡಿಯೊ ಅನಲೈಸರ್ ಇಟ್ಟು ಅಳೆದು, ಹೆಸರುವಾಸಿ ಕಂಪನಿಗಳ ಮಾಲಿನಲ್ಲೂ ಹುಳುಕು ತೋರಿಸಿದರು. ಒ2ರ ಒಳಗಿದ್ದ ಎನ್‌ಜೆಎಂ4556 ಸಾದಾ, ಅಗ್ಗದ ಚಿಪ್. ಎರಡು 9 ವೋಲ್ಟ್ ಬ್ಯಾಟರಿ ಇದ್ದುದರಿಂದ ಸಿಮೋಯ್‌ನ ಹಾಗೆ ಸೊನ್ನೆಯನ್ನು ಕಲ್ಪಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಎಂದು ಕೊಳ್ಳುವವರು ಇವತ್ತು ಪಟ್ಟು ಹಿಡಿದು ಕೇಳುವುದಕ್ಕೆ ಈ ಮನುಷ್ಯನ ಬರಹವೇ ದೊಡ್ಡ ಕಾರಣ. 16 ಓಮಿನ ಇಯರ್‌ಫೋನಿಗೆ 10 ಓಮಿನ ಆಂಪ್ ಜೋಡಿಸಿದರೆ ಬಾಸ್ ಒಂದು ದಾರಿ, ಮೇಲಿನ ಸ್ವರ ಇನ್ನೊಂದು ದಾರಿ ಹಿಡಿಯುವುದುಂಟು. 2012ರಲ್ಲಿ ಆತ ಇದ್ದಕ್ಕಿದ್ದಂತೆ ಬರೆಯುವುದನ್ನು ನಿಲ್ಲಿಸಿದರು. ವಿನ್ಯಾಸ ಮಾತ್ರ ಉಳಿಯಿತು. ಅಮೆರಿಕದ ಜೆಡಿಎಸ್ ಲ್ಯಾಬ್ಸ್ ಮುಂತಾದವರು ಅದನ್ನು ಜೋಡಿಸಿ ಮಾರಿದರು. ಈ ಜೆಡಿಎಸ್ ಲ್ಯಾಬ್ಸ್ ಕೂಡ ಸಿಮೋಯ್ ಡಬ್ಬಿ ಮಾರುತ್ತಲೇ ಬೆಳೆದ ಕಂಪನಿ.

ಇಷ್ಟು ವರ್ಷದ ಈ ಕಥೆಯಲ್ಲಿ ಚಿಪ್ ಎಂದೂ ದುಬಾರಿಯಾಗಿರಲಿಲ್ಲ. ಕೊಳ್ಳುವವನ ಹಣ ಹೋಗುತ್ತಿದ್ದದ್ದು ಪೆಟ್ಟಿಗೆಗೆ, ಹೆಸರಿಗೆ.

ಇದನ್ನು ಎಲ್ಲರ ಕಣ್ಣಿಗೂ ಕಾಣಿಸಿದ್ದು, ವಿಚಿತ್ರವೆಂದರೆ, ದುಬಾರಿ ಮಾಲಿಗೇ ಹೆಸರಾದ ಆ್ಯಪಲ್. 2016ರ ಸೆಪ್ಟೆಂಬರಿನಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ಜ್ಯಾಕ್ ಕಿತ್ತುಹಾಕಿ, ಬದಲಿಗೆ 9 ಡಾಲರಿನ ಬೆರಳುದ್ದದ ವೈರ್ ಕೊಟ್ಟಿತು. 2018ರಲ್ಲಿ ಅದರ ಯುಎಸ್‌ಬಿ-ಸಿ ರೂಪವೂ ಬಂತು. ಡಿಜಿಟಲ್ ಸಂಕೇತವನ್ನು ಸದ್ದಾಗಿಸುವ ಡಿಎಸಿ ಮತ್ತು ಆಂಪ್ ಎರಡೂ ಆ ವೈರಿನೊಳಗೇ ಅಡಗಿವೆ. ಅಳೆದು ನೋಡಿದವರಿಗೆ ಸಿಕ್ಕಿದ್ದು ಸುಮಾರು 1 ವೋಲ್ಟ್ ಔಟ್‌ಪುಟ್, 1 ಓಮಿನ ಆಸುಪಾಸಿನ ಇಂಪೀಡೆನ್ಸ್, ಕಿವಿಗೆ ತಿಳಿಯದಷ್ಟು ಕಡಿಮೆ ವಿಕೃತಿ.

ಹಾಗೆಂದು ಅದು ಎಲ್ಲರಿಗೂ ಹೊಂದುವುದಿಲ್ಲ. ಯುರೋಪಿಗೆಂದು ಮಾರುವ ಅದೇ ವೈರ್ ಅರ್ಧ ವೋಲ್ಟಿಗೇ ನಿಲ್ಲುತ್ತದೆ, ಹೊರನೋಟಕ್ಕೆ ಎರಡೂ ಒಂದೇ. ಮಾಡೆಲ್ ನಂಬರ್ ನೋಡದೆ ತಿಳಿಯುವುದಿಲ್ಲ. ಕೆಲವು ಆಂಡ್ರಾಯ್ಡ್ ಫೋನುಗಳಿಗೆ ಸಿಕ್ಕಿಸಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸದ್ದು ಅರೆಬರೆ. ಫೋನು ತನ್ನ ಕಡೆಯಿಂದ ವಾಲ್ಯೂಮ್ ಏರಿಸುತ್ತದೆಯೇ ಹೊರತು ವೈರಿನೊಳಗಿನ ವಾಲ್ಯೂಮ್ ಕೆಳಗೇ ಕೂತಿರುತ್ತದೆ. ಅಂಥ ಫೋನ್ ಇದ್ದವರು ಅದೇ ಗಾತ್ರದಲ್ಲಿ ಬೇರೆ ಕಂಪನಿಯ ಡಾಂಗಲ್ ಹುಡುಕುವುದು ಮೇಲು. 2 ವೋಲ್ಟ್ ಕೊಡುವವೂ ಈಗ ಬೇಕಾದಷ್ಟಿವೆ. ಎಚ್‌ಡಿ 600ರಂಥ 300 ಓಮಿನ ಹೆಡ್‌ಫೋನಿಗೂ ಅಷ್ಟು ವೋಲ್ಟೇಜ್ ಸಿಕ್ಕರೆ ಲೆಕ್ಕಕ್ಕೆ 103 ಡೆಸಿಬೆಲ್ ಆಯಿತು, ಹೆಚ್ಚಿನವರಿಗೆ ಧಾರಾಳ. ಬ್ಯಾಟರಿ ಇರುವ ಪ್ರತ್ಯೇಕ ಆಂಪ್ ಕೇಳುವುದು ಇನ್ನು ಉಳಿದ ಕೆಲವೇ ಹೆಡ್‌ಫೋನ್‌ಗಳು: ಇಂಪೀಡೆನ್ಸ್ ಕಡಿಮೆಯಿದ್ದರೂ ಕರೆಂಟನ್ನು ದಂಡಿಯಾಗಿ ಎಳೆಯುವ, ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಹೊರಡುವ ಸದ್ದು) ಕಡಿಮೆ ಇರುವ, ಚಪ್ಪಟೆ ಪೊರೆಯ ಕೆಲವು ಪ್ಲೇನಾರ್ ಮಾದರಿಗಳು. ಅವುಗಳ ಡಬ್ಬಿಯ ಮೇಲೆ ಓಮ್ ಜೊತೆಗೆ ಸೆನ್ಸಿಟಿವಿಟಿಯನ್ನೂ ಅಚ್ಚು ಮಾಡಿರುತ್ತಾರೆ. ದುಡ್ಡು ಬಿಚ್ಚುವ ಮೊದಲು ಓದಬೇಕಾದ್ದು ಆ ಎರಡು ಅಂಕಿ.