ಪೈಪ್ ತಂಬಾಕು: ಹೊಸಬರ ಆಯ್ಕೆಯ ಚರಿತ್ರೆ

ಪೈಪ್ ತಂಬಾಕು: ಪೈಪಿನ ಬಟ್ಟಲಲ್ಲಿ ತುಂಬಿ ಸೇದುವುದಕ್ಕೆಂದು ಹದಮಾಡಿ, ಒತ್ತಿ, ಕತ್ತರಿಸಿ, ಬೆರೆಸಿದ ಹೊಗೆಸೊಪ್ಪು. ಬಹುಪಾಲು ನಿಕೋಟಿಯಾನ ಟಬಾಕಮ್ ಜಾತಿಯ ಎಲೆ. ಸಿಗರೇಟಿನ ತಂಬಾಕಿಗಿಂತ ಇದರ ಎಳೆ ಒರಟು, ತೇವ ಹೆಚ್ಚು, ಉರಿ ನಿಧಾನ. ಹೊಸದಾಗಿ ಪೈಪ್ ಹಿಡಿದವನು ಯಾವ ತಂಬಾಕಿನಿಂದ ಶುರುಮಾಡಬೇಕು ಎಂಬ ಪ್ರಶ್ನೆ ಪೈಪಿನಷ್ಟೇ ಹಳೆಯದೆಂದು ತೋರಬಹುದು. ಅದಕ್ಕೊಂದು ಅರ್ಥ ಬಂದದ್ದು ಮಾತ್ರ 19ನೇ ಶತಮಾನದಲ್ಲಿ. ಅಲ್ಲಿಯವರೆಗೆ ಅಂಗಡಿಯಲ್ಲಿ ಎದ್ದು ಕಾಣುತ್ತಿದ್ದ ಭೇದ ಬೆಲೆಯದು: ಸ್ಪೇನಿನ ವಸಾಹತುಗಳ ದುಬಾರಿ ಎಲೆ, ವರ್ಜೀನಿಯಾದ ಅಗ್ಗದ ಎಲೆ.

ಎಲೆಯನ್ನು ಕೊಳವೆಗೆ ತುಂಬಿ ಸೇದುವ ರೂಢಿ ಅಮೆರಿಕದ ಮೂಲನಿವಾಸಿಗಳದು. ಟಾಮಸ್ ಹ್ಯಾರಿಯಟ್ 1588ರಲ್ಲಿ ಪ್ರಕಟಿಸಿದ ವರ್ಜೀನಿಯಾ ವರದಿಯಲ್ಲಿ ಅಲ್ಲಿಯ ಜನ ಒಣಗಿದ ಎಲೆಯ ಪುಡಿಯನ್ನು ಮಣ್ಣಿನ ಕೊಳವೆಗಳಲ್ಲಿ ಸೇದುವುದನ್ನು ವರ್ಣಿಸಿ, ಅದು ಮೈಗೆ ಒಳ್ಳೆಯದೆಂದು ಹೊಗಳಿದ. ಸ್ವತಃ ಸೇದುತ್ತಿದ್ದ ಹ್ಯಾರಿಯಟ್ ಮೂಗಿನ ಹುಣ್ಣಿನಿಂದ ನರಳಿ 1621ರಲ್ಲಿ ತೀರಿಕೊಂಡ. ವರ್ಜೀನಿಯಾ ಭಾಗದಲ್ಲಿ ಬೆಳೆಯುತ್ತಿದ್ದುದು ನಿಕೋಟಿಯಾನ ರಸ್ಟಿಕ. ಅದು ಗಂಟಲು ಕೆರೆಯುವ ಖಾರದ ಎಲೆ. ಇಂಗ್ಲಿಷರ ಬಾಯಿಗೆ ಹಿಡಿಸಲಿಲ್ಲ. 1612ರ ಸುಮಾರಿಗೆ ಜೇಮ್ಸ್‌ಟೌನಿನಲ್ಲಿ ಜಾನ್ ರಾಲ್ಫ್ ಸ್ಪೇನಿನ ವಸಾಹತುಗಳಿಂದ ಬಂದ ಟಬಾಕಮ್ ಬೀಜ ಬಿತ್ತಿ ಮೃದುವಾದ ಎಲೆ ತೆಗೆದ. ಹೊಸಬರ ನಾಲಗೆಗೆ ಒಗ್ಗುವ ಸೊಪ್ಪಿಗಾಗಿ ನಡೆದ ಹುಡುಕಾಟದ ಮೊದಲ ಪ್ರಸಂಗವೆಂದು ಇದನ್ನು ಕರೆಯಬಹುದು. ವರ್ಜೀನಿಯಾ ವಸಾಹತು ಕಾಲೂರಿದ್ದೂ ಈ ಬೆಳೆಯಿಂದಲೇ.

ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ 1604ರಲ್ಲಿ ತಂಬಾಕನ್ನು ಹಳಿದು ಕಿರುಹೊತ್ತಗೆ ಬರೆದ. ಅದೇ ವರ್ಷ ಪೌಂಡಿಗೆ 2 ಪೆನ್ಸ್ ಇದ್ದ ಆಮದು ಸುಂಕವನ್ನು 6 ಶಿಲಿಂಗ್ 10 ಪೆನ್ಸಿಗೆ ಏರಿಸಿದ. ಆ ಕಾಲದ ಮಣ್ಣಿನ ಪೈಪುಗಳ ಬಟ್ಟಲು ಕಿರುಬೆರಳ ತುದಿಯೂ ಹಿಡಿಸದಷ್ಟು ಸಣ್ಣದು. ಮುಂದೆ ಹೊಲಗಳಲ್ಲಿ ಸಿಕ್ಕ ಇಂಥ ಪೈಪುಗಳನ್ನು ಅಲ್ಲಿಯ ಹಳ್ಳಿಗರು ಯಕ್ಷಿಣಿಯರ ಪೈಪುಗಳೆಂದು ಕರೆದರು. ತಂಬಾಕು ಅಗ್ಗವಾದಂತೆ ಬಟ್ಟಲು ದೊಡ್ಡದಾಯಿತು. ಪುರಾತತ್ತ್ವಜ್ಞರು ಇಂದಿಗೂ ಬಟ್ಟಲಿನ ಗಾತ್ರ, ಕೊಳವೆಯ ರಂಧ್ರದ ವ್ಯಾಸ ನೋಡಿ ನೆಲೆಯ ಕಾಲ ನಿರ್ಣಯಿಸುತ್ತಾರೆ.

ಭಾರತದ ಕಥೆಯಲ್ಲಿ ವಿಜಾಪುರಕ್ಕೆ ಒಂದು ಸ್ಥಾನವಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ಮೊಗಲ್ ರಾಜಕುಮಾರ ದಾನಿಯಾಲನಿಗೆ ತರುವ ಕಾರ್ಯದ ಮೇಲೆ ಅಲ್ಲಿಗೆ ಹೋಗಿದ್ದ ಅಕ್ಬರನ ದೂತ ಅಸದ್ ಬೇಗ್, ತಾನು ಹಿಂದೆಂದೂ ಕಾಣದ ತಂಬಾಕನ್ನು ಆ ಪಟ್ಟಣದಲ್ಲಿ ಕಂಡ. ಸ್ವಲ್ಪ ಕೊಂಡು, ರತ್ನ ಕೂರಿಸಿದ ಸೇದುಕೊಳವೆಯೊಂದನ್ನು ಮಾಡಿಸಿ ಅಕ್ಬರನ ಮುಂದಿಟ್ಟ. ವೈದ್ಯರು ಬೇಡವೆಂದರು, ಬಾದಶಹ ಕುತೂಹಲಕ್ಕೆ ಕೆಲವು ದಮ್ಮು ಎಳೆದು ಬಿಟ್ಟುಬಿಟ್ಟ. ಅಸದ್ ಬೇಗ್ ಉಳಿದ ಎಲೆಯನ್ನು ಸರದಾರರಿಗೆ ಹಂಚಿದ, ಇನ್ನಷ್ಟು ಬೇಕೆಂದು ಎಲ್ಲರೂ ಹೇಳಿಕಳಿಸಿದರು, ವ್ಯಾಪಾರಿಗಳು ಮಾರತೊಡಗಿದರು. ಮಾದರಿ ಹಂಚಿ ಗಿರಾಕಿ ಹಿಡಿಯುವ ಉಪಾಯ ಆಧುನಿಕ ಕಂಪನಿಗಳ ಶೋಧವೇನಲ್ಲ. 1617ರಲ್ಲಿ ಜಹಾಂಗೀರ್ ಹೊರಡಿಸಿದ ನಿಷೇಧ ಫಲಿಸಲಿಲ್ಲ. ಆದರೆ ಈ ನೆಲದಲ್ಲಿ ಬೇರೂರಿದ್ದು ಗುಡಗುಡಿ, ಚಿಲುಮೆ, ಚುಟ್ಟಾ, ಬೀಡಿ. ಪೈಪು ಬಂದದ್ದು ಯೂರೋಪಿಯನ್ನರ ಜೇಬಿನಲ್ಲಿ.

ಆಯ್ಕೆ ಎಂಬುದು ನಿಜವಾಗಿ ಹುಟ್ಟಿದ್ದು ಎಲೆಯನ್ನು ಹದಮಾಡುವ ವಿಧಾನಗಳು ಕವಲೊಡೆದಾಗ. ಹೆಚ್ಚಿನವು ಆಕಸ್ಮಿಕದ ಫಲವೆಂಬುದು ಕುತೂಹಲದ ಸಂಗತಿ. 1839ರಲ್ಲಿ ಉತ್ತರ ಕ್ಯಾರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಸ್ಟೀಫನ್ ಎಂಬ ಗುಲಾಮ ಎಲೆ ಒಣಗಿಸುವ ಕೊಟ್ಟಿಗೆಯ ಬೆಂಕಿ ಕಾಯುತ್ತ ನಿದ್ದೆಹೋದನಂತೆ. ಎಚ್ಚೆತ್ತಾಗ ಬೆಂಕಿ ಆರುವುದರಲ್ಲಿತ್ತು. ಕಮ್ಮಾರಸಾಲೆಯ ಇದ್ದಿಲು ತಂದು ಸುರಿದ. ಕಾವು ಒಮ್ಮೆಲೇ ಏರಿ ಎಲೆ ಹೊಳೆಯುವ ಹಳದಿಗೆ ತಿರುಗಿತು. ಮುಂದೆ ಹೊಗೆ ತಾಗದಂತೆ ಕೊಳವೆಗಳ ಮೂಲಕ ಶಾಖ ಹಾಯಿಸುವ ಪದ್ಧತಿ ಬೆಳೆಯಿತು. ಲೋಕ ಇಂದು ವರ್ಜೀನಿಯಾ ಎಂದು ಕರೆಯುವ ಎಲೆ ಇದೇ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ರೈತರು ಬ್ಯಾರನ್ ಎಂಬ ಕೊಟ್ಟಿಗೆಗಳಲ್ಲಿ ಸೌದೆ ಉರಿಸಿ ಹದಮಾಡುವುದೂ ಈ ವಂಶದ್ದೇ, ಆದರೆ ಅದರ ಬಹುಪಾಲು ಸೇರುವುದು ಸಿಗರೇಟಿಗೆ.

ಬರ್ಲಿ ಎಲೆಯ ಹುಟ್ಟೂ ಹೀಗೆಯೇ. 1864ರಲ್ಲಿ ಕೆಂಟಕಿಯಿಂದ ತಂದ ಬೀಜದಿಂದ ಒಹಾಯೊದ ಬ್ರೌನ್ ಕೌಂಟಿಯ ಜಮೀನೊಂದರಲ್ಲಿ ಎದ್ದ ಸಸಿಗಳು ಬಿಳಿಚಿಕೊಂಡಿದ್ದವು. ರೋಗವೆಂದು ಬಗೆದು ಎಸೆಯಬೇಕಿದ್ದ ಆ ತಳಿಯೇ ಬಿಳಿ ಬರ್ಲಿ. ಇದನ್ನು ಬೆಂಕಿಯಿಲ್ಲದೆ ಗಾಳಿಯಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಸ್ಪಂಜಿನಂತೆ ಪಾಕ ಹೀರಿಕೊಳ್ಳುವುದು ಇದರ ಗುಣ. ಲೂಸಿಯಾನದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ 1824ರ ಹೊತ್ತಿಗೆ ಪಿಯರ್ ಶೆನೆ ಎಂಬ ರೈತ ಮೂಲನಿವಾಸಿಗಳಿಂದ ಕಲಿತ ಕ್ರಮವನ್ನು ಬೆಳೆಸಿ, ಎಲೆಯನ್ನು ಪೀಪಾಯಿಯಲ್ಲಿ ಅದರದೇ ರಸದಲ್ಲಿ ಒತ್ತಿ ಹುಳಿಸಿದ. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಈ ಪೆರೀಕ್ ವಿಧಾನ ಬಿಡಿಸಿ ಹೇಳಬೇಕಿಲ್ಲ. ಸಿರಿಯಾದ ಬಂದರಿನ ಹೆಸರು ಹೊತ್ತ ಲಟಾಕಿಯ ಎಲೆಯದು ಇನ್ನೊಂದು ದಾರಿ: ಬಿಸಿಲಲ್ಲಿ ಒಣಗಿಸಿದ ಮೇಲೆ ಪರಿಮಳದ ಕಟ್ಟಿಗೆಗಳ ಹೊಗೆಯಲ್ಲಿ ಕಪ್ಪಾಗುವವರೆಗೆ ಇಡುತ್ತಾರೆ. ಮಾರಾಟವಾಗದೆ ಅಟ್ಟದಲ್ಲಿ ಉಳಿದ ಎಲೆಗೆ ಒಲೆಯ ಹೊಗೆ ಹಿಡಿದು ಇದು ಪತ್ತೆಯಾಯಿತೆಂಬ ದಂತಕಥೆಯಿದೆ. ಸಿರಿಯಾದ ಉತ್ಪಾದನೆ ನಿಂತುಹೋಗಿದೆ. ಈಗ ಸಿಗುವುದು ಸೈಪ್ರಸ್ ಮಾದರಿಯದು.

ಹೊಸಬನ ಬಾಯಿಗೆ ಈ ಭೇದಗಳು ಹೇಗೆ ತಾಗುತ್ತವೆ? ಕೊಳವೆಶಾಖದಲ್ಲಿ ಬೇಗ ಒಣಗುವ ವರ್ಜೀನಿಯಾದಲ್ಲಿ ಸಕ್ಕರೆ ಉಳಿಯುತ್ತದೆ. ರುಚಿ ಸಿಹಿ, ಆದರೆ ಅವಸರದಿಂದ ಎಳೆದರೆ ಹೊಗೆ ಕಾದು ನಾಲಗೆ ಚುರುಗುಟ್ಟುತ್ತದೆ. ಪೈಪಿಗರು ಇದನ್ನು ನಾಲಗೆ ಕಚ್ಚುವುದು ಎನ್ನುತ್ತಾರೆ. ನಿಧಾನವಾಗಿ ಒಣಗುವ ಬರ್ಲಿಯಲ್ಲಿ ಸಕ್ಕರೆ ಕರಗಿಹೋಗಿರುತ್ತದೆ. ಅದರ ಹೊಗೆ ಕ್ಷಾರೀಯ. ಕ್ಷಾರದಲ್ಲಿ ನಿಕೋಟಿನ್ ಬಾಯಿಯ ಪೊರೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ಎಲೆಯಡಿಕೆಗೆ ಸುಣ್ಣ ಹಚ್ಚಿ ಹೊಗೆಸೊಪ್ಪು ಸೇರಿಸಿದವನ ತಲೆ ಗಿರ್ರೆನ್ನುವುದೂ ಇದೇ ಕಾರಣಕ್ಕೆ. ಹೊಗೆ ಒಳಗೆಳೆದುಕೊಳ್ಳದಿದ್ದರೂ ಹೊಸಬನಿಗೆ ಬೆವರು, ವಾಕರಿಕೆ ಬರುವುದು ಹೀಗೆ. ಹಗ್ಗದಂತೆ ಹುರಿಮಾಡಿದ ನಾವಿಕರ ತಂಬಾಕಿನಿಂದ ಶುರುಮಾಡಿದವನ ಪಾಡು ಹೇಳುವುದೇ ಬೇಡ.

ಮಣ್ಣಿನ ಪೈಪು ಕಾಯುತ್ತಿತ್ತು, ಒಡೆಯುತ್ತಿತ್ತು. 1850ರ ದಶಕದಲ್ಲಿ ಫ್ರಾನ್ಸಿನ ಸೇಂಟ್ ಕ್ಲೋದ್ ಪಟ್ಟಣದಲ್ಲಿ ಬ್ರಯರ್ ಗಿಡದ ಬೇರುಗಂಟಿನಿಂದ ಕಡೆದ ಪೈಪು ಬಂದಮೇಲೆ ಸೇದುವುದು ಜೇಬಿನ ಹವ್ಯಾಸವಾಯಿತು. ಮಿಶ್ರಣಗಳ ಬಗ್ಗೆ ಮಾತು ಬೆಳೆಯಿತು. ಕಾನನ್ ಡಾಯ್ಲ್‌ನ ಷರ್ಲಾಕ್ ಹೋಮ್ಸ್ 140 ಬಗೆಯ ತಂಬಾಕುಗಳ ಬೂದಿಯ ಮೇಲೆ ಪ್ರಬಂಧ ಬರೆದವನು. ಸ್ವತಃ ಸೇದುತ್ತಿದ್ದುದು ಶ್ಯಾಗ್ ಎಂಬ ಸಣ್ಣಗೆ ಹೆಚ್ಚಿದ ಕಟು ತಂಬಾಕು. ಜೆ.ಎಂ. ಬ್ಯಾರಿಯ 1890ರ ಪುಸ್ತಕ ‘ಮೈ ಲೇಡಿ ನಿಕೋಟಿನ್’ ಒಂದು ಕಾಲ್ಪನಿಕ ಮಿಶ್ರಣವನ್ನು ಕೊಂಡಾಡಿತು. ಅದು ನಿಜದಲ್ಲಿ ಕ್ರೇವನ್ ಮಿಕ್ಸ್‌ಚರ್ ಎಂದು ಗೊತ್ತಾದಾಗ ಗಿರಾಕಿಗಳು ಅದನ್ನು ಮಾರುತ್ತಿದ್ದ ಕಾರೆರಾಸ್ ಅಂಗಡಿಗೆ ಮುಗಿಬಿದ್ದರು. 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್ ಇನ್ನೂ ಮುಂದೆ ಹೋಗಿ, ಒಬ್ಬೊಬ್ಬ ಗಿರಾಕಿಯ ರುಚಿಗೆ ತಕ್ಕಂತೆ ಬೆರೆಸಿ, ಆ ಪ್ರಮಾಣಗಳನ್ನು ಸಂಖ್ಯೆ ಹಾಕಿ ಪುಸ್ತಕದಲ್ಲಿ ಬರೆದಿಟ್ಟ. ವರ್ಜೀನಿಯಾ, ಪೌರ್ವಾತ್ಯ ಎಲೆ, ಲಟಾಕಿಯ ಸೇರಿದ ಮಿಶ್ರಣಗಳಿಗೆ ಇಂದು ಇಂಗ್ಲಿಷ್ ಎಂಬ ಹೆಸರು ನಿಂತಿದೆ. ತಂಬಾಕಿಗೆ ಇತರ ಪದಾರ್ಥ ಬೆರೆಸುವುದನ್ನು ಬ್ರಿಟನ್ನಿನ ಕಾಯಿದೆ ಬಹುಕಾಲ ಬಿಗಿಹಿಡಿದಿತ್ತು. ಪರಿಮಳ ಬೇಕೆಂದರೆ ಎಲೆಯಿಂದಲೇ ಹೊರಡಿಸಬೇಕಿತ್ತು.

ಅಮೆರಿಕ, ಡೆನ್ಮಾರ್ಕ್‌ಗಳ ದಾರಿ ಬೇರೆ. ಬರ್ಲಿಗೂ ಆವಿಯಲ್ಲಿ ಬೇಯಿಸಿ ಒತ್ತಿದ ಕ್ಯಾವೆಂಡಿಷ್‌ಗೂ ವೆನಿಲಾ, ಚೆರಿ, ರಮ್ ಪರಿಮಳ ಕೂಡಿಸಿದ ಅರೋಮ್ಯಾಟಿಕ್ ತಂಬಾಕುಗಳು 20ನೇ ಶತಮಾನದಲ್ಲಿ ಅಲ್ಲಿ ಮೇಲುಗೈ ಪಡೆದವು. ಹೊಸಬರಿಗೆ ಅಂಗಡಿಯವರು ಇಂದಿಗೂ ಕೊಡುವುದು ಹೆಚ್ಚಾಗಿ ಇದನ್ನೇ. ಈ ಲೇಖಕನ ಮಟ್ಟಿಗೆ ಅದು ಸಂಶಯಾಸ್ಪದ ಸಲಹೆ. ಡಬ್ಬಿ ತೆರೆದಾಗ ಬರುವ ಘಮ ಪಕ್ಕದಲ್ಲಿ ಕುಳಿತವರ ಮೂಗಿಗೆ ಹೋಗುವುದೇ ಹೆಚ್ಚು. ಸೇದುವವನ ಬಾಯಿಗೆ ಅದು ಅಷ್ಟಾಗಿ ದಕ್ಕುವುದಿಲ್ಲ. ಒಣಗದಂತೆ ಸೇರಿಸುವ ಪ್ರೊಪಿಲೀನ್ ಗ್ಲೈಕಾಲ್‌ನಿಂದ ಎಲೆ ಒದ್ದೆಯಾಗಿಯೇ ಉಳಿದು ಪೈಪು ಗೊಳಗೊಳ ಸದ್ದು ಮಾಡುತ್ತದೆ. ಹೊಸಬ ಜೋರಾಗಿ ಎಳೆಯುತ್ತಾನೆ, ಆವಿ ನಾಲಗೆ ಸುಡುತ್ತದೆ. ದೋಷ ಮಿಶ್ರಣದ್ದಕ್ಕಿಂತ ಹೆಚ್ಚಾಗಿ ತೇವದ್ದು.

ಹಳಬರು ಹೊಸಬರಿಗೆ ಕಲಿಸುತ್ತಿದ್ದುದೂ ಈ ಹದವನ್ನೇ. ಚಿಟಿಕೆ ತಂಬಾಕನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಮುದ್ದೆಯಾಗಿ ಉಳಿಯದೆ ಬಿಡಿಬಿಡಿಯಾಗಿ ಅರಳಬೇಕು. ಅರಳದಿದ್ದರೆ ಹಾಳೆಯ ಮೇಲೆ ಹರಡಿ ಆರಲು ಬಿಡಬೇಕು. ತುಂಬುವಾಗ ಮೊದಲ ಪದರವನ್ನು ಮಗುವಿನ ಕೈಯಿಂದ, ಎರಡನೆಯದನ್ನು ಹೆಂಗಸಿನ ಕೈಯಿಂದ, ಮೂರನೆಯದನ್ನು ಗಂಡಸಿನ ಕೈಯಿಂದ ಒತ್ತಬೇಕೆಂಬ ಮಾತಿದೆ. ಅಚ್ಚುಬೆಲ್ಲದಂತೆ ಗಟ್ಟಿಯಾದ ಪ್ಲಗ್, ಬರ್ಫಿ ಕೊಯ್ದಂತೆ ತೆಳುವಾದ ಫ್ಲೇಕ್ ಇವುಗಳನ್ನು ಉಜ್ಜಿ ಬಿಡಿಸುವುದಕ್ಕೆ ಪಳಗಿದ ಕೈ ಬೇಕು. ಆದ್ದರಿಂದ ಮೊದಲಿಗೆ ಎಳೆಯಾಗಿ ಕತ್ತರಿಸಿದ, ಪಾಕ ಕಡಿಮೆಯಿರುವ ಬರ್ಲಿ ಇಲ್ಲವೇ ಲಟಾಕಿಯ ಹಿತಮಿತವಾಗಿರುವ ಮಿಶ್ರಣ ಹೇಳುತ್ತಿದ್ದರು. ಬ್ರಯರ್ ಪೈಪು ಹಿಂದಿನ ತಂಬಾಕಿನ ವಾಸನೆ ಹಿಡಿದಿಟ್ಟುಕೊಳ್ಳುವುದರಿಂದ, ರುಚಿ ನೋಡುವ ಕಾಲಕ್ಕೆ ಜೋಳದ ದಿಂಡಿನ ಅಗ್ಗದ ಪೈಪೇ ಸಾಕೆಂಬುದು ಅಮೆರಿಕನ್ನರ ಅಭಿಪ್ರಾಯ. ಮಿಸೌರಿಯ ವಾಷಿಂಗ್ಟನ್ ಪಟ್ಟಣದ ಹೆನ್ರಿ ಟಿಬ್ಬೆ 1878ರಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ಪೈಪು ಸಿಗರೇಟಿಗಿಂತ ನಿರಪಾಯ ಎಂಬ ನಂಬಿಕೆ ಹೊಸಬರನ್ನು ಸೆಳೆದಿದೆ. ಆದರೆ ಪೈಪು ಸೇದುವವರ ತುಟಿಯ ಕ್ಯಾನ್ಸರನ್ನು ಜರ್ಮನ್ ವೈದ್ಯ ಸೋಮ್ಮರಿಂಗ್ 1795ರಲ್ಲೇ ಗುರುತಿಸಿದ್ದ. ಪೈಪಿಗೂ ಅದಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ಅಮೆರಿಕದ ಸರ್ಜನ್ ಜನರಲ್ ಅವರ 1964ರ ವರದಿ ಹೇಳಿತು. ಬಾಯಿ, ಗಂಟಲು, ಶ್ವಾಸಕೋಶಗಳ ಅಪಾಯ ಯಾವ ಮಿಶ್ರಣದಲ್ಲೂ ತಪ್ಪುವುದಿಲ್ಲ. ಮೃದು ಎಂಬ ಮಾತು ರುಚಿಗೆ ಸಂಬಂಧಿಸಿದ್ದು ಅಷ್ಟೆ. 1880ರ ದಶಕದಲ್ಲಿ ಬಾನ್‌ಸ್ಯಾಕ್‌ನ ಸುತ್ತುವ ಯಂತ್ರ ಸಿಗರೇಟನ್ನು ಅಗ್ಗವಾಗಿಸಿದ ಮೇಲೆ ಪೈಪು ಹಿಂದೆ ಸರಿಯುತ್ತ ಬಂತು. ಡನ್‌ಹಿಲ್ ಹೆಸರಿನ ಪೈಪ್ ತಂಬಾಕು 2018ರಲ್ಲಿ ನಿಂತಿತು. ಆ ಮಿಶ್ರಣಗಳು ಈಗ ಡಬ್ಲಿನ್ನಿನ ಪೀಟರ್ಸನ್ ಹೆಸರಿನ ಡಬ್ಬಿಗಳಲ್ಲಿ ಬರುತ್ತವೆ.